ಅಶೋಕನಿಗೆ ಆರಾಮಿಲ್ಲ

ನಮ್ಮ ಸಿಂಧನೂರಿನಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರಿಗಿಂತ ಮೊದಲು ಓಣಿ ಬರುತ್ತದೆ. ಬಂದವರು ರೋಗಿಯ ಮುಖ ನೋಡಿ, ನಾಲಿಗೆ ನೋಡಿ, ತಮ್ಮ ಬೀಗರಿಗೂ ಇದೇ ಜ್ವರ ಬಂದು ಕಡೆಗೆ ಏನಾಯಿತೆಂಬುದನ್ನು ರೋಗಿಯ ಎದುರಿಗೇ ವಿವರವಾಗಿ ಹೇಳಿ, ಚಹಾ ಕುಡಿದು, ಒಂದು ಔಷಧ ಸೂಚಿಸಿ ಎದ್ದು ಹೋಗುತ್ತಾರೆ. ರೋಗಿ ಮನುಷ್ಯನೇ ಆಗಿರಬೇಕೆಂಬ ಕಟ್ಟುನಿಟ್ಟೇನೂ ಇಲ್ಲ. ಎಮ್ಮೆ, ಎತ್ತು, ಟ್ರ್ಯಾಕ್ಟರು, ಗದ್ದೆಯಲ್ಲಿರುವ ನೆಲ್ಲು, ಎಲ್ಲಕ್ಕೂ ಇದೇ ಮರ್ಯಾದೆ. ಹೀಗಾಗಿ ನಮ್ಮ ಮನೆಯ ಗೋಲ್ಡ್‌ಫಿಶ್‌ಗೆ ಆರಾಮಿಲ್ಲ ಎಂಬ ಸುದ್ದಿ ಹಬ್ಬಿದಾಗ ಜನ ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಬಂದವರಲ್ಲಿ ಇಬ್ಬರು ಹೇಳಿದ್ದು ಸರಿಯಾಗಿತ್ತು ಎಂಬುದೇ ಆಶ್ಚರ್ಯ.

ಮೀನು ಬಂದದ್ದು ಲಿಂಗಸುಗೂರಿನಿಂದ. ಅಲ್ಲಿದ್ದ ನನ್ನ ಷಡ್ಡಕನಿಗೆ ವರ್ಗವಾಯಿತು. ಲಾರಿಯಲ್ಲಿ ಹಿಡಿಸದ್ದನ್ನೆಲ್ಲ ಹತ್ತಿರದ ಸಂಬಂಧಿಕರಿಗೆ ಪ್ರೀತಿಯಿಂದ ಹಂಚುವುದು ವರ್ಗವಾದವರ ಪದ್ಧತಿ. ನಮ್ಮ ಪಾಲಿಗೆ ಬಂದವು ಒಂದು ಕಾಲು ಅಲ್ಲಾಡುವ ಕುರ್ಚಿ, ಅರ್ಧ ಡಬ್ಬಿ ಮೀನಿನ ಆಹಾರ, ದುಂಡನೆಯ ಗಾಜಿನ ಬೌಲು ಮತ್ತು ಬೌಲಿನೊಳಗಿನ ಬೆರಳುದ್ದದ ಮೀನು. ಬೌಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆವು. ಕಂಡಕ್ಟರು ಮೀನಿಗೆ ಟಿಕೆಟ್ ಕೇಳಲಿಲ್ಲ. ಆದರೆ ರಸ್ತೆಯ ಪ್ರತಿಯೊಂದು ಹಂಪ್‌ಗೂ ಅದರ ನೀರು ನನ್ನ ಪ್ಯಾಂಟಿನ ಮೇಲೆ ಇಳಿಯಿತು.

ಮಸ್ಕಿಯಲ್ಲಿ ಬಸ್ಸು ನಿಂತಾಗ ಮಗ ಕೇಳಿದ: "ಅಪ್ಪಾ, ಇದಕ್ಕ ಏನು ಹೆಸರಿಡೂಣು?"

ಇತಿಹಾಸದ ಮಾಸ್ತರನಿಗೆ ಮಸ್ಕಿಯಲ್ಲಿ ಇಂಥ ಪ್ರಶ್ನೆ ಕೇಳಬಾರದು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಈ ಭಾಗದಲ್ಲಿ ಚಿನ್ನ ಹುಡುಕುತ್ತ ಬಂದು ಇಲ್ಲಿಯ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ರಾಜ ತನ್ನನ್ನು ದೇವಾನಾಂಪ್ರಿಯ ಎಂದೋ ಪ್ರಿಯದರ್ಶಿ ಎಂದೋ ಕರೆದುಕೊಂಡಿದ್ದನೇ ಹೊರತು ಅಶೋಕ ಎಂಬ ಹೆಸರು ಕಲ್ಲಿನ ಮೇಲೆ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಮಸ್ಕಿಯಲ್ಲಿ. ಇಷ್ಟನ್ನೂ ಬಸ್ಸು ಬಿಡುವ ಮೊದಲು ಹೇಳಿ ಮುಗಿಸಿದೆ. ಚಿನ್ನ ಹುಡುಕುವವನಿಗೆ ಅಶೋಕ ಸಿಕ್ಕ ಊರಿನಲ್ಲಿ, ಚಿನ್ನದ ಬಣ್ಣದ ಮೀನಿಗೆ ಬೇರೆ ಹೆಸರು ಯಾಕೆ? ದೇವಾನಾಂಪ್ರಿಯ ಎಂದೇ ಇಡೋಣ ಎಂದೆ. "ಉದ್ದ ಆತು," ಎಂದ ಮಗ. ಅಶೋಕ ಎಂದಾಯಿತು.

ಸಿಂಧನೂರಿಗೆ ಬಂದ ಅಶೋಕನ ಕಷ್ಟಗಳು ಶುರುವಾದದ್ದು ನಮ್ಮವ್ವನ ಅಂತಃಕರಣದಿಂದ. ಮನೆಗೆ ಬಂದವರು ಉಣ್ಣದೆ ಹೋಗಬಾರದು ಎಂಬ ಮನೆತನ ನಮ್ಮದು. ಗೋಲ್ಡ್‌ಫಿಶ್‌ಗಾದರೋ ಸಾಕು ಎಂಬ ಮಾತೇ ಗೊತ್ತಿಲ್ಲ. ಅದಕ್ಕೆ ಜಠರವೇ ಇಲ್ಲ. ತಿಂದದ್ದು ಗಂಟಲಿನಿಂದ ನೇರ ಕರುಳಿಗೆ ಹೋಗುತ್ತದೆ. ಹೊಟ್ಟೆ ತುಂಬಿತು ಎಂದು ಹೇಳಲು ಹೊಟ್ಟೆಯಾದರೂ ಬೇಕಲ್ಲ. ಯಾರು ಹತ್ತಿರ ಹೋದರೂ ಅದು ಗಾಜಿಗೆ ಬಾಯಿ ಹಚ್ಚಿ ಬಾಲ ಅಲ್ಲಾಡಿಸುತ್ತದೆ. "ಪಾಪ, ಕೂಸು ಹಸದೈತಿ," ಎಂದು ಅವ್ವ ಒಂದು ಚಿಟಿಕೆ ಹಾಕುತ್ತಾಳೆ. ನೀರು ತರಲು ಬಂದ ಪಕ್ಕದ ಮನೆಯಾಕೆ ಒಂದು ಚಿಟಿಕೆ. ಹಾಲಿನ ಹುಡುಗ ಒಂದು ಚಿಟಿಕೆ. ಮಗನ ಗೆಳೆಯರದ್ದು ಚಿಟಿಕೆಯ ಲೆಕ್ಕವಲ್ಲ. ಒಂದು ದಿನ ಬೌಲಿನಲ್ಲಿ ಮಂಡಕ್ಕಿ ತೇಲುತ್ತಿತ್ತು. ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಒಗ್ಗರಣೆ ಹಾಕಿದ ಮಂಡಕ್ಕಿಯಾಗಿರಲಿಲ್ಲ ಎಂಬುದೊಂದೇ ಸಮಾಧಾನ.

ಆಮೇಲೆ ಅಶೋಕ ಮೆತ್ತಗಾದ. ಬೆನ್ನ ಮೇಲಿನ ರೆಕ್ಕೆ ನಿಲ್ಲದೆ ಮೈಗೆ ಅಂಟಿಕೊಂಡಿತು. ಬಾಲದಲ್ಲಿ ಕೆಂಪು ಗೆರೆಗಳೆದ್ದವು. ಹಗಲೆಲ್ಲ ತಳ ಹಿಡಿದು ಕೂತು, ಬೆಳಗಿನ ಜಾವ ಮೇಲೆ ಬಂದು ಗಾಳಿಗೆ ಬಾಯಿ ಬಿಡುತ್ತಿದ್ದ.

ಓಣಿ ಬಂತು. ಒಬ್ಬರು ಅರಿಷಿಣ ಎಂದರು. ಇನ್ನೊಬ್ಬರು ದೃಷ್ಟಿ ತೆಗೆಯಿರಿ ಎಂದರು. ತೆಗೆದೆವು ಕೂಡ, ದೃಷ್ಟಿ ತೆಗೆದದ್ದರಿಂದ ಯಾವ ಮೀನೂ ಸತ್ತಿಲ್ಲ. ಅವ್ವ ಮಾತ್ರ ತಾಮ್ರದ ಹಂಡೆಯಲ್ಲಿಡು ಎಂದು ಹಟ ಹಿಡಿದಳು. ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಟೀವಿಯಲ್ಲಿ ಬಂದಿತ್ತಂತೆ. ಟೀವಿಯವರು ಹೇಳಿದ್ದು ಕುಡಿಯುವವರ ಬಗ್ಗೆ. ನೀರಿನಲ್ಲೇ ಉಸಿರಾಡುವ ಮೀನಿಗೆ ತಾಮ್ರ ಒಂಚೂರು ಹೆಚ್ಚಾದರೂ ವಿಷ. ಹಂಡೆಯನ್ನು ಅಟ್ಟದ ಮೇಲೆ ಏರಿಸಿದೆ. ರಸ್ತೆಯಾಚೆಯ ಗೊಬ್ಬರದಂಗಡಿಯ ಹುಡುಗನಂತೂ, "ಸರ್ರ, ಹೊಸಾ ಎಣ್ಣಿ ಬಂದೈತಿ, ಒಂದ ಹನಿ ಹಾಕ್ರಿ, ಎಲ್ಲಾ ಹುಳ ಸಾಯ್ತಾವ," ಎಂದ. ನಮ್ಮ ಕಡೆ ಎಣ್ಣೆ ಎಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಹುಳವೇನೋ ಸಾಯುತ್ತಿತ್ತು, ಆದರೆ ಅದರೊಂದಿಗೆ ಮೌರ್ಯ ಸಾಮ್ರಾಜ್ಯವೂ ಮುಗಿಯುತ್ತಿತ್ತು.

ನನಗೊಬ್ಬ ದನದ ಡಾಕ್ಟರ ಗೆಳೆಯನಿದ್ದಾನೆ. ಫೋನು ಮಾಡಿದೆ. ಕೈತುಂಬ ಕುರಿಗಳ ಸೂಜಿ ಹಿಡಿದುಕೊಂಡೇ ಮಾತಾಡಿದ.

"ಮೇವು ತಿಂತೈತೇನು?"

"ಇಲ್ಲ."

"ಮೆಲಕು ಹಾಕ್ತೈತೇನು?"

"ಲೇ, ಅದು ಮೀನೋ."

ಅತ್ತ ಕಡೆ ಸ್ವಲ್ಪ ಹೊತ್ತು ಕುರಿಗಳಷ್ಟೇ ಮಾತಾಡಿದವು. ಆಮೇಲೆ ಆತ ಹೇಳಿದ್ದು ಪ್ರಾಮಾಣಿಕವಾದ ಮಾತು: "ನೋಡೋ ಮಾರಾಯಾ, ನಾ ಆಕಳಿಗೆ ಬಾಟ್ಲಿ ಏರಿಸಾಂವ. ಮೊದಲು ಆ ನೀರು ಯಾರಿಗಾದ್ರೂ ತೋರ್ಸು."

ನೀರಿನ ಗುಟ್ಟು ಹೇಳಿದ್ದು ನೆಲ್ಲು ಬೆಳೆಯುವ ನಮ್ಮ ಕಾಕಾ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ರೈತ; ಎರಡು ಬೆಳೆ ತೆಗೆದು, ಮೂರನೆಯದರ ಬಗ್ಗೆ ವರ್ಷವಿಡೀ ಮಾತಾಡುವವನು. ಬೌಲಿನ ಮೇಲೆ ಮೂಗಿಟ್ಟು ಒಮ್ಮೆ ಎಳೆದ.

"ಯೂರಿಯಾ ಜಾಸ್ತಿ ಆಗೈತಿ."

ಮೀನಿಗೆ ಯಾರು ಯೂರಿಯಾ ಹಾಕ್ತಾರ ಕಾಕಾ ಎಂದೆ. "ನೀ ಹಾಕಿಲ್ಲ, ಅದ ಹಾಕ್ಕೊಂಡೈತಿ. ವಾಸನಿ ನೋಡು."

ಕಾಕಾನ ಮೂಗು ಸುಳ್ಳು ಹೇಳಲಿಲ್ಲ. ಮೀನು ತಾನು ತಿಂದ ಸಾರಜನಕದ ಬಹುಪಾಲನ್ನು ಅಮೋನಿಯಾ ಮಾಡಿ ಕಿವಿರುಗಳಿಂದಲೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಕಾಳೂ ಮಂಡಕ್ಕಿಯೂ ಕೊಳೆತು ಅದಕ್ಕೆ ಕೂಡುತ್ತವೆ. ಕೆರೆಯಲ್ಲಾದರೆ ಎಲ್ಲಿಯೋ ಕರಗಿ ಹೋಗುತ್ತದೆ. ಐದಾರು ಲೀಟರಿನ ಬೌಲಿನಲ್ಲಿ ಎಲ್ಲಿಗೆ ಹೋಗಬೇಕು? ಅದು ಕಿವಿರನ್ನೇ ಸುಡುತ್ತದೆ. ನೀರು ಕಾದಷ್ಟೂ, ಕ್ಷಾರ ಹೆಚ್ಚಿದಷ್ಟೂ ಸುಡುವ ಶಕ್ತಿ ಏರುತ್ತದೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಈ ಎರಡಕ್ಕೂ ಬರವಿಲ್ಲ. ಆಮೇಲೆ ಬೆಂಗಳೂರಿನಿಂದ ತರಿಸಿದ ಪರೀಕ್ಷೆಯ ಕಿಟ್ಟಿನಲ್ಲಿ ಹನಿ ಬೆರೆಸಿ ನೋಡಿದಾಗ ಹಳದಿ ಉಳಿಯಬೇಕಾದ ನೀರು ಹುಣಸೆ ಎಲೆಯ ಹಸಿರಾಯಿತು. ಸಾವಿರಾರು ರೂಪಾಯಿಯ ಕಿಟ್ಟು ಹೇಳಿದ್ದನ್ನು ಕಾಕಾ ಒಂದು ಕಪ್ಪು ಚಹಾಕ್ಕೆ ಹೇಳಿದ್ದ.

ಎರಡನೆಯವರು ಆರ್.ಎಚ್. ಕ್ಯಾಂಪಿನ ದಾದಾ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟು ಕ್ಯಾಂಪು ಕಟ್ಟಿಸಿದ್ದು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಕಟ್ಲಾ, ರೋಹು ಎಂಬ ಮಾತುಗಳನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಈ ದಾದಾ ಹೊಂಡದಲ್ಲಿ ಮೀನು ಬಿಟ್ಟು, ಬೆಳೆಸಿ, ಸೈಕಲ್ಲಿನ ಮೇಲೆ ಮಾರುವವರು. ಅಶೋಕನನ್ನು ಬಹಳ ಹೊತ್ತು ನೋಡಿದರು. ಕೊನೆಗೆ, "ಮಾಸ್ತರ್, ಇದು ಒಂದು ತುತ್ತಿಗೂ ಆಗಲ್ಲ," ಎಂದರು. ತಿನ್ನಲಿಕ್ಕಲ್ಲ, ಸಾಕಲಿಕ್ಕೆ ಎಂದೆ. ಅವರಿಗೆ ನನ್ನ ಬಗ್ಗೆ ಮರುಕ ಹುಟ್ಟಿದಂತೆ ಕಂಡಿತು. ಆದರೂ ಕೇಳಿದರು: ಬಾಯಿ ಬಿಡೋದು ಯಾವಾಗ, ಬೆಳಗಿನ ಜಾವ ತಾನೇ?

ಹೌದು ಎಂದೆ. "ಹಂಗಾದ್ರ ಗಾಳಿ ಇಲ್ಲ. ನಮ್ಮ ಹೊಂಡದಾಗೂ ಹಿಂಗೇ. ಊಟ ಬಂದ್ ಮಾಡ್ರಿ. ಹೊಸ ನೀರು ಬಿಡ್ರಿ. ನೀರು ಬಡೀರಿ." ಔಷಧ ಕೇಳಿದ್ದಕ್ಕೆ ಕಲ್ಲುಪ್ಪು ಎಂದರು. ಅದೂ ಎಷ್ಟು? ಲೀಟರಿಗೆ ಒಂದು ಗ್ರಾಂನಿಂದ ಶುರು ಮಾಡಿ ಎರಡು ಮೂರು ಗ್ರಾಂ ದಾಟದಂತೆ. ಅದನ್ನೂ ಬೇರೆ ನೀರಿನಲ್ಲಿ ಕರಗಿಸಿಯೇ ಹಾಕಬೇಕು. ಮುಷ್ಟಿಯಲ್ಲಿ ಸುರಿದರೆ ಅದು ಚಿಕಿತ್ಸೆಯಲ್ಲ, ಉಪ್ಪಿನಕಾಯಿ.

ಹೋಗುವಾಗ ದಾದಾಗೆ ಅಶೋಕನ ಸಂಗತಿ ಹೇಳಿದೆ, ಮೀನಿನದಲ್ಲ, ರಾಜನದು. ಮನುಷ್ಯರಿಗೂ ಪ್ರಾಣಿಗಳಿಗೂ ಬೇರೆ ಬೇರೆ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದ್ದೇನೆ ಎಂದು ಎರಡನೆಯ ಬಂಡೆ ಶಾಸನದಲ್ಲಿ ಬರೆಸಿದವನು. ಐದನೆಯ ಸ್ತಂಭ ಶಾಸನದಲ್ಲಿ ಹುಣ್ಣಿಮೆಯ ಆಸುಪಾಸು, ಉಪವಾಸದ ದಿನ ಮೀನು ಕೊಲ್ಲಕೂಡದು, ಮಾರಲೂ ಕೂಡದು ಎಂದು ಆಜ್ಞೆ ಮಾಡಿದವನು. ದಾದಾ ಸೈಕಲ್ ಸ್ಟ್ಯಾಂಡ್ ತೆಗೆಯುತ್ತ, "ನಿಮ್ಮೂರಾಗ ಶ್ರಾವಣ ಬಂದ್ರ ಈಗಲೂ ಅದೇ ಕಥಿ, ಒಂದು ಕೇಜಿ ಹೋಗಲ್ಲ," ಎಂದರು.

ಹೀಗೆ ರೋಗ ಮೀನಿನದಲ್ಲ, ನೀರಿನದು ಎಂದು ತೀರ್ಮಾನವಾದ ಮೇಲೆ ಓಣಿಯ ಉತ್ಸಾಹ ಇಳಿಯಿತು. ಔಷಧ ಹೇಳುವುದರಲ್ಲಿರುವ ಗೌರವ ಬಕೆಟ್ ಎತ್ತುವುದರಲ್ಲಿಲ್ಲ. ಅಂದಿನಿಂದ ಬಕೆಟ್ಟು ನನ್ನ ಕೈಗೆ ಬಂತು.

ಸುತ್ತ ಗದ್ದೆಯೋ ಗದ್ದೆ, ಊರ ಪಕ್ಕದಲ್ಲಿ ಕಾಲುವೆ, ಆದರೂ ಒಂದು ಮೀನಿಗೆ ತಕ್ಕ ನೀರು ಹೊಂದಿಸುವುದು ಸಣ್ಣ ಕೆಲಸವಲ್ಲ. ಬೋರ್‌ವೆಲ್ ನೀರು ಚಹಾವನ್ನೇ ಒಡೆಸುತ್ತದೆ. ಕಾಲುವೆ ಬದಿಯ ನೀರಿಗೆ ಗದ್ದೆಗಳ ಎಣ್ಣೆ ಬಸಿದು ಬರುತ್ತದೆ. ಐದು ರೂಪಾಯಿಯ ಫಿಲ್ಟರ್ ನೀರು ಶುದ್ಧವೇ ಸರಿ, ಆದರೆ ಲವಣಗಳನ್ನೆಲ್ಲ ಸೋಸಿ ತೆಗೆದ ಆ ನೀರೊಂದರಲ್ಲೇ ಮೀನು ಬಾಳುವುದಿಲ್ಲ. ಉಳಿದದ್ದು ನಳದ ನೀರು. ಅದರ ಬ್ಲೀಚಿಂಗ್ ಪುಡಿ ನಮ್ಮನ್ನು ಉಳಿಸುತ್ತದೆ, ಮೀನಿನ ಕಿವಿರನ್ನು ಕೆಡಿಸುತ್ತದೆ. ಅಗಲ ಬಾಯಿಯ ಟಬ್ಬಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿ ಹೋಗುತ್ತದೆ. ನಮ್ಮ ಅಂಗಳದಲ್ಲಿ ತೆರೆದಿಟ್ಟ ಟಬ್ಬು ಕಂಡರೆ ಯಾರಾದರೂ ಕಾಲು ತೊಳೆಯದೆ ಬಿಡುವುದಿಲ್ಲ. ಮಗ ರಟ್ಟಿನ ಮೇಲೆ ಬರೆದು ತೂಗುಹಾಕಿದ: "ಅಶೋಕನ ನೀರು. ಮುಟ್ಟಬಾರದು." ನಮ್ಮ ಓಣಿಯ ಏಕೈಕ ಶಿಲಾಶಾಸನ ಅದು, ರಟ್ಟಿನದು.

ಬೌಲು ಹೋಗಿ ಟ್ಯಾಂಕು ಬಂತು. ಕಿಟಕಿಗೆ ಗಾಜು ಕೂಡಿಸುವವನೇ ಸಿಲಿಕಾನ್ ಹಚ್ಚಿ ಎರಡೂವರೆ ಅಡಿ ಉದ್ದದ್ದು ಮಾಡಿಕೊಟ್ಟ. ನೂರು ಲೀಟರ್ ಹಿಡಿಯುತ್ತದೆ. ಅಂದರೆ ನೀರೊಂದೇ ಒಂದು ಕ್ವಿಂಟಲ್. ಟೀವಿ ಸ್ಟ್ಯಾಂಡಿನ ಮೇಲೆ ಇಡೋಣವೆಂದ ಮಗ. ನೆಲ್ಲಿನ ಚೀಲ ಕಂಡವರು ಹಾಗೆ ಹೇಳುವುದಿಲ್ಲ. ಕಡೆಗೆ ಅದು ಕೂತದ್ದು ಕಟ್ಟಿಗೆಯ ದಿವಾನದ ಜಾಗದಲ್ಲಿ, ನಾನು ಮಧ್ಯಾಹ್ನ ಅಡ್ಡಾಗುತ್ತಿದ್ದ ದಿವಾನದ ಜಾಗದಲ್ಲಿ.

ಹೊಸ ಟ್ಯಾಂಕಿನ ನಿಜವಾದ ಯಜಮಾನ ಮೀನಲ್ಲ, ಸ್ಪಂಜು. ಗಾಳಿಯ ಮೋಟರು ಸ್ಪಂಜಿನ ಮೂಲಕ ನೀರೆಳೆಯುತ್ತದೆ. ಆ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಕಾಕಾನಿಗೆ ಇದನ್ನು ವಿವರಿಸಲು ಹೋದರೆ, "ಯೂರಿಯಾ ಹಾಕಿದಮ್ಯಾಗ ಹೊಲದಾಗ ಆಗೋದು ಅದ ಅಲ್ಲೇನು?" ಎಂದು ಕೇಳಿ ನನ್ನ ಪಾಠ ಅಲ್ಲಿಗೇ ನಿಲ್ಲಿಸಿದ. ಈ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ದಿನ ಬಿಟ್ಟು ದಿನ ನೀರು ಬದಲಿಸುವುದು, ಹನಿ ಬೆರೆಸಿ ಬಣ್ಣ ನೋಡುವುದು. ಸ್ಪಂಜಿನ ಮೇಲೆ ಕಂದು ಲೋಳೆ ಕಟ್ಟಿದಾಗ ನಾನು ಹಿಗ್ಗಿದೆ, ಮನೆಯಾಕೆ ಹೇಸಿದಳು. ಆಕೆಯ ಕೈಯಲ್ಲಿ ಲೋಳೆ ಉಳಿದದ್ದಿಲ್ಲ. ಯುಗಾದಿಯ ಮುನ್ನಾದಿನ ಮನೆಯೆಲ್ಲ ತೊಳೆಯುತ್ತ, ಪಾತ್ರೆಯ ಸಾಬೂನು ಹಿಡಿದು ಟ್ಯಾಂಕಿನ ಕಡೆ ಬರುವುದನ್ನು ಕಂಡು ನಾನು ಅಡ್ಡ ನಿಂತೆ. "ಆ ಹೊಲಸು ದೇವರ ಮನಿ ಮುಂದ ಇರಬೇಕೇನ್ರಿ?" ಸಾಬೂನಿರಲಿ, ನಳದ ನೀರಿನಲ್ಲಿ ತೊಳೆದರೂ ಆ ಬ್ಯಾಕ್ಟೀರಿಯಾ ಸಾಯುತ್ತವೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಬೇಕು. ಇದನ್ನು ಹೇಳಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಒಂದು ಅಂಗಿಯ ಬಗ್ಗೆ ನಾನು ಇಷ್ಟು ಕಾಳಜಿಯಿಂದ ಮಾತಾಡಿದ್ದು ಆಕೆ ಕೇಳಿಲ್ಲವಂತೆ.

ಬೇಸಿಗೆ ಬೇರೆ ಕಥೆ. ಗೋಲ್ಡ್‌ಫಿಶ್ ಚೀನಾದಲ್ಲಿ ಸಾವಿರ ವರ್ಷದ ಹಿಂದೆ ಹೊಂಡಗಳಲ್ಲಿ ಸಾಕಿ ಬಣ್ಣಕ್ಕೆ ತಂದ ತಣ್ಣೀರಿನ ಮೀನು. ಇಪ್ಪತ್ತು ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, ಮೂವತ್ತಕ್ಕೆ ಬಂದರೆ ಏಳೂವರೆ. ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶ 42 ದಾಟಿದಾಗ ಕರೆಂಟು ಹೋಗುತ್ತದೆ, ಗಾಳಿಯ ಮೋಟರು ನಿಲ್ಲುತ್ತದೆ. ಆ ಮೋಟರು ತಿನ್ನುವುದು ನಾಲ್ಕೈದು ವ್ಯಾಟ್. ಇನ್ವರ್ಟರಿಗೆ ಅದೇನು ಲೆಕ್ಕವಲ್ಲ. ಆದರೂ ಫ್ಯಾನು ಸ್ವಲ್ಪ ನಿಧಾನ ತಿರುಗಿದರೆ ಸಾಕು, ಮನೆಯವರೆಲ್ಲ ಒಟ್ಟಿಗೆ ಅಶೋಕನ ಕಡೆ ನೋಡುತ್ತಾರೆ. ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿದ ನೀರಿನ ಬಾಟಲಿಯನ್ನು ಟ್ಯಾಂಕಿನಲ್ಲಿ ತೇಲಿಬಿಡುವ ಉಪಾಯ ಮಗನದು. ನನಗೆ ಮಜ್ಜಿಗೆಗೆ ಹಾಕಲು ಐಸು ಉಳಿದಿಲ್ಲ.

ಅವ್ವನಿಗೆ ಉಪವಾಸ ಮಾಡಿಸುವುದು ಒಪ್ಪಿಗೆಯಾಗಲಿಲ್ಲ. ಕೊನೆಗೆ ರಾಜಿಯಾಯಿತು: ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ವಾರಕ್ಕೊಮ್ಮೆ ಹೊಟ್ಟೆ ಸಡಿಲಾಗಲು ಬೇಯಿಸಿದ ಹಸಿ ಬಟಾಣಿ, ಸಿಪ್ಪೆ ಸುಲಿದದ್ದು. ಅವ್ವ ಕನ್ನಡಕ ಹಾಕಿಕೊಂಡು ಒಂದೇ ಒಂದು ಬಟಾಣಿ ಸುಲಿದು, ಉಗುರಿನಿಂದ ನಾಲ್ಕು ತುಂಡು ಮಾಡಿ, ಒಂದೊಂದಾಗಿ ಬಿಡುತ್ತಾಳೆ. ಡಬ್ಬಿ ಮಾತ್ರ ಈಗ ಬೀರುವಿನಲ್ಲಿದೆ, ಕೀಲಿ ನನ್ನ ಜನಿವಾರವಿಲ್ಲದ ಕೊರಳ ದಾರದಲ್ಲಿದೆ.

ಅಶೋಕ ಚೇತರಿಸಿಕೊಂಡ. ರೆಕ್ಕೆ ಎದ್ದಿತು, ಕೆಂಪು ಗೆರೆ ಹೋದವು. ಅಮೋನಿಯಾ ಸುಟ್ಟ ಜಾಗ ಮಾಯುವಾಗ ಅಲ್ಲಲ್ಲಿ ಕಪ್ಪು ಕಲೆ ಬಂತು. ಓಣಿಯವರು ಅದನ್ನು ದೃಷ್ಟಿಬೊಟ್ಟು ಎಂದರು, ನಾನು ತಿದ್ದಲಿಲ್ಲ. ಟ್ಯಾಂಕಿನಿಂದ ತೆಗೆದ ನೀರು ಹಾಕಿದ ಕರಿಬೇವಿನ ಗಿಡ ಗೋಡೆ ದಾಟಿದೆ, ಅದರ ಎಲೆಗಾಗಿ ಬರುವವರು ಮೀನಿನ ಯೋಗಕ್ಷೇಮವನ್ನೂ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 1956ರ ಒಂದು ಜಾತ್ರೆಯಲ್ಲಿ ಆಟದಲ್ಲಿ ಗೆದ್ದು ತಂದ ಟಿಶ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬಾಳಿ 1999ರಲ್ಲಿ ತೀರಿಕೊಂಡಿತೆಂದು ಮಗ ಎಲ್ಲಿಯೋ ಓದಿ ಬಂದು ಹೇಳಿದ. ಹಾಗಾದರೆ ಅಶೋಕ ನನ್ನ ಪಿಂಚಣಿಯನ್ನೂ ದಾಟಿಕೊಂಡು ಹೋಗುವವನೇ.

ಮೊನ್ನೆ ಷಡ್ಡಕನ ಫೋನು. ಮತ್ತೆ ಲಿಂಗಸುಗೂರಿಗೇ ವರ್ಗವಾಗಿದೆಯಂತೆ. ಮಕ್ಕಳು ಮೀನು ಕೇಳುತ್ತಿದ್ದಾರೆ, ಭಾನುವಾರ ಬೈಕಿನ ಮೇಲೆ ಬಂದು ಒಯ್ಯುತ್ತೇನೆ ಎಂದ. ನಾನು ಮಾತಾಡುವ ಮೊದಲೇ ಅವ್ವ ಫೋನು ಇಸಿದುಕೊಂಡಳು.

"ಬಾರಪ್ಪ, ಅಗತ್ಯ ಬಾ. ಬರುವಾಗ ಕುರ್ಚಿ ಒಯ್ಯಾಕ ಹಗ್ಗ ತಗೊಂಡು ಬಾ. ಮೀನು ಬೇಕಂದ್ರ ಲಾರಿ ತಗೊಂಡು ಬಾ, ನಾಕು ಹಮಾಲರನ್ನ ಕರಕೊಂಡು ಬಾ. ದಿವಾನ ಎಲ್ಲಿ ಇಟ್ಟೀವಿ ಅಂತ ನಮಗೂ ನೆಪ್ಪಿಲ್ಲ, ಅದನ್ನೂ ಹುಡುಕಿ ಕೊಟ್ಟು ಹೋಗು."