ಹೊಸ ಬ್ರೇಕು, ಹಳೇ ಕಾಲು

ನಮ್ಮ ಮನೆಯಲ್ಲಿ ನಾನು ‘ನಿಲ್ಲು’ ಅಂದರೆ ನಿಲ್ಲುವ ವಸ್ತು ಒಂದೂ ಇಲ್ಲ. ಗೋಡೆ ಗಡಿಯಾರ ಒಂದಿತ್ತು, ಅದು ನಾನು ಹೇಳುವ ಮೊದಲೇ ನಿಂತುಕೊಂಡಿತು. ಹಾಗಾಗಿ ಕಾರು ನಿಲ್ಲಲಿಲ್ಲ ಅಂದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಕಾರು ಅಂದರೆ ಮಾರುತಿ 800. 1983ರ ಡಿಸೆಂಬರಿನಲ್ಲಿ ಹುಟ್ಟಿ, 2014ರ ಜನವರಿಯಲ್ಲಿ ಕಾರ್ಖಾನೆಯವರೇ ಕೈಬಿಟ್ಟ ವಂಶದ್ದು. ದೊಡ್ಡಪ್ಪನ ಮಗ ಹಾಸನದಿಂದ ಆಲೂರಿಗೆ, ಅಂದರೆ ನನ್ನ ತಲೆಗೆ, ದಾಟಿಸಿದ ಕೆಎ-13 ನಂಬರಿನ ಗಾಡಿ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು, ಬೂಸ್ಟರ್ ಇಲ್ಲ. ಬೂಸ್ಟರ್ ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ಜೋರಿನಲ್ಲೇ ನಿಮ್ಮ ಕಾಲಿಗೆ ಬಲ ಕೊಡುವ ಒಂದು ಡಬ್ಬಿ. ಅದಿಲ್ಲದ ಗಾಡಿಗೆ ಸೀಟಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ತುಳಿಯಬೇಕು. ನಾನು ತುಳಿಯುವಾಗ ಪಕ್ಕದಲ್ಲಿ ಕೂತ ಹೆಂಡತಿಯೂ ತನ್ನ ಕಾಲಡಿಯ ಮ್ಯಾಟನ್ನು ತುಳಿಯುತ್ತಾಳೆ. ಗಾಡಿ ನಿಲ್ಲುವುದು ಯಾರ ಕಾಲಿನಿಂದ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಹ್ಯಾಂಡ್‌ಬ್ರೇಕಿನ ಸುದ್ದಿ ಎತ್ತಬೇಡಿ. ನಮ್ಮ ಮಳೆಗಾಲದಲ್ಲಿ ಅದನ್ನು ಎಳೆದಿಟ್ಟರೆ ಹಿಂದಿನ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಂಡು, ಬೆಳಿಗ್ಗೆ ಗಾಡಿ ಕೆಸರಲ್ಲಿ ಮಲಗಿದ ಎಮ್ಮೆಯಾಗಿರುತ್ತದೆ. ಅದಕ್ಕೇ ಚಕ್ರಕ್ಕೆ ಕಲ್ಲು ಕೊಡುತ್ತೇವೆ. ನಮ್ಮ ಕಡೆ ಸ್ಟೆಪ್ನಿ ಇಲ್ಲದ ಡಿಕ್ಕಿ ಸಿಕ್ಕೀತು, ಕಲ್ಲಿಲ್ಲದ ಡಿಕ್ಕಿ ಸಿಗಲಾರದು.

ಬೇಸಿಗೆಯಲ್ಲಿ ಒಂದು ದಿನ ಹರಕೆ ತೀರಿಸಲು ಕುಕ್ಕೆಗೆ ಹೊರಟೆವು. ಹೆಂಡತಿ, ಅವ್ವ, ಮಗ, ಸಾರಥಿ ನಾನು. ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುತ್ತಾ ಮಾರನಹಳ್ಳಿ ಕಳೆದ ಮೇಲೆ ಸುಟ್ಟ ವಾಸನೆ ಬಂತು. ‘ಮುಂದಿನ ಲಾರೀದು’ ಅಂದೆ. ಲಾರಿಯನ್ನು ಓವರ್‌ಟೇಕ್ ಮಾಡಿದೆ. ವಾಸನೆಯೂ ಓವರ್‌ಟೇಕ್ ಮಾಡಿತು. ‘ಯಾರೋ ತೋಟದಲ್ಲಿ ತರಗು ಸುಡ್ತಾವ್ರೆ’ ಅಂದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ಕೆಂಪುಹೊಳೆ. ತೋಟ ಎಲ್ಲಿಂದ ಬರಬೇಕು? ಮುಂದಿನ ತಿರುವಿನಲ್ಲಿ ಪೆಡಲ್ ತುಳಿದರೆ ಬಿಸಿ ಮುದ್ದೆಗೆ ಕಾಲಿಟ್ಟ ಹಾಗೆ ಮೆತ್ತಗೆ ಒಳಕ್ಕೆ ಹೋಯಿತು. ‘ಅಪ್ಪಾ, ಸೂಪರ್ ಸ್ಪೀಡು!’ ಅಂದ ಮಗ. ಹೇಗೋ ಒಂದು ಗೇರು ಸಿಕ್ಕಿಸಿ, ಗುಡ್ಡದ ಕಡೆಯ ಮಣ್ಣಿಗೆ ಹತ್ತಿಸಿ ನಿಲ್ಲಿಸಿದೆ. ಹೆಂಡತಿ ಒಂದು ಮಾತೂ ಆಡದೆ ಇಳಿದು ಹೋಗಿ ಕಲ್ಲು ಕೊಟ್ಟಳು. ಬೈದಿದ್ದರೆ ವಾಸಿಯಿತ್ತು.

ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಗಂಡಸು ಅಂದಮೇಲೆ ಏನಾದರೂ ಮಾಡಬೇಕಲ್ಲ, ಅವ್ವನ ಕೈಯಲ್ಲಿದ್ದ ನೀರಿನ ಬಾಟಲಿ ಕಿತ್ತುಕೊಂಡು ಡಿಸ್ಕಿಗೆ ಸುರಿದೆ. ಒಗ್ಗರಣೆಗೆ ಸೊಪ್ಪು ಬಿದ್ದ ಹಾಗೆ ಚುಂಯ್ ಅಂತು. ಅಂದಿನಿಂದ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ಲು ಅಂಗಾಲಿಗೆ ಕಚಗುಳಿ ಇಡತೊಡಗಿತು.

ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ. ‘ಕಾದಿದ್ದಾಗ ನೀರು ಹಾಕಿದ್ರಾ ಸಾರ್? ಡಿಸ್ಕ್ ಸೊಟ್ಟಗಾಗಿದೆ.’

‘ಮಳೆ ಬಂತು ಕಣಪ್ಪ’ ಅಂದೆ.

ಅವನು ಒಮ್ಮೆ ಆಕಾಶ ನೋಡಿದ. ಕಾಫಿ ಹೂವಿಗೆ ಮಳೆ ಬರಲಿಲ್ಲ ಅಂತ ತಾಲೂಕಿಗೆ ತಾಲೂಕೇ ಬಾಯಿ ಬಡಿದುಕೊಳ್ಳುತ್ತಿದ್ದ ಕಾಲ.

‘ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ರಿ?’ ಅಂದ. ಅದನ್ನೂ ಬದಲಾಯಿಸುತ್ತಾರೆ ಅನ್ನುವುದೇ ನನಗೆ ಹೊಸ ಸುದ್ದಿ. ಅವನು ಪಾಠ ಮಾಡಿದ: ‘ಆಷಾಢದಲ್ಲಿ ನಿಮ್ಮನೆ ಉಪ್ಪಿನ ಡಬ್ಬಿ ನೋಡಿದ್ದೀರಲ್ಲ, ಮುಚ್ಚಿಟ್ಟರೂ ನೀರೊಡೆಯುತ್ತೆ. ಇದೂ ಹಂಗೇ, ಗಾಳೀಲಿರೋ ತೇವ ಕುಡಿಯುತ್ತೆ.’ ಹೊಸ ಡಾಟ್ 3 ಆಯಿಲ್ ಕುದಿಯಲು 205 ಡಿಗ್ರಿಯಾದರೂ ಬೇಕಂತೆ. ತೇವ ಕುಡಿದ ಮೇಲೆ 140 ಡಿಗ್ರಿಗೇ ಗುಳ್ಳೆ ಏಳಬಹುದು. ಆಯಿಲ್ ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ, ಗುಳ್ಳೆ ಒತ್ತಿದರೆ ಗುಳ್ಳೆ ಮಾತ್ರ ಕುಗ್ಗುತ್ತದೆ. ‘ಡಾಟ್ 4 ಹಾಕಿ, ಡಿಸ್ಕು ಪ್ಯಾಡು ಬದಲಾಯಿಸಿ, ಡ್ರಮ್ ಟೈಟ್ ಮಾಡಿಡ್ತೀನಿ, ಸಂಜೆ ಬನ್ನಿ. ಅಂದಂಗೆ ಸಾರ್, ಘಾಟಿ ಯಾವ ಗೇರಲ್ಲಿ ಇಳೀತೀರಿ?’

ನಾನು ಫೋನ್ ಬಂದವನ ಹಾಗೆ ಆಚೆ ಹೋದೆ.

ಸಂಜೆಯೊಳಗೆ ಮುಗಿಯುವ ರಿಪೇರಿ ನನ್ನ ಘನತೆಗೆ ಸಾಲದು ಅನ್ನಿಸಿತು. ಸಾವಿನ ದವಡೆಯಿಂದ ಸಂಸಾರ ಉಳಿಸಿದವನು ನಾನು, ಬರೀ ಆಯಿಲ್ ಬದಲಾಯಿಸಿಕೊಂಡು ಬರುವುದೇ? ರಾತ್ರಿಯೆಲ್ಲ ಹೊದಿಕೆಯೊಳಗೆ ಮೊಬೈಲಿನಲ್ಲಿ ವಿಡಿಯೋ ನೋಡಿ ಪಂಡಿತನಾದೆ. ಬೆಳಿಗ್ಗೆ ಹೋಗಿ ‘ಝೆನ್ ಕಾರಿನ ಡಿಸ್ಕ್ ಹಾಕು, ಬೂಸ್ಟರ್ ಕೂರಿಸು’ ಅಂತ ಆಜ್ಞೆ ಮಾಡಿದೆ. ‘ಬೇಡ ಸಾರ್’ ಅಂದ. ಬೇಡ ಅಂದಿದ್ದಕ್ಕೇ ಬೇಕಾಯಿತು.

ಭಾವಮೈದ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸಾಮಾನನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ತಂದ. ಡಿಸ್ಕ್ ಕೂತಿತು, ನಮ್ಮ 12 ಇಂಚಿನ ಚಕ್ರ ಅದರ ಮೇಲೆ ಕೂರಲಿಲ್ಲ. 13 ಇಂಚಿನ ರಿಮ್ ತರಿಸಿದೆ. ರಿಮ್ಮಿಗೆ ಟೈರ್ ಬೇಡವೇ? ಟೈರ್ ಬಂದು ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜಿತು. ಮಡ್‌ಗಾರ್ಡಿಗೆ ಸುತ್ತಿಗೆ ಬಿತ್ತು. ಸುತ್ತಿಗೆ ಬಿದ್ದಲ್ಲಿ ಪೇಂಟು ಎದ್ದಿತು. ಚಕ್ರ ದೊಡ್ಡದಾದದ್ದರಿಂದ ಮೀಟರು 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಇಲಿ ಕೌಪೀನ ಕಡಿಯಿತು ಅಂತ ಬೆಕ್ಕು ತಂದು, ಬೆಕ್ಕಿನ ಹಾಲಿಗೆ ಹಸು ತಂದ ಸನ್ಯಾಸಿಯ ಕಥೆ ನಿಮಗೆ ಗೊತ್ತಲ್ಲ. ಅವನಿಗೆ ಕೊನೆಯಲ್ಲಿ ಹೆಂಡತಿ ಬಂದಳು. ನನಗೆ ಮೊದಲೇ ಇದ್ದಳು, ಕೂತು ಲೆಕ್ಕ ಬರೆಯುತ್ತಿದ್ದಳು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಈಗಲೂ ಇದೆ: ‘ಬ್ರೇಕು — ಮೆಣಸು ಒಂದು ಮೂಟೆ.’ ಅದರ ಕೆಳಗೆ ಎರಡು ಗೆರೆ.

ಗಾಡಿ ಬಂದ ಭಾನುವಾರವೇ ಬಾಳ್ಳುಪೇಟೆಯ ನೆಂಟರ ಮನೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವ್ವ, ಅವ್ವನ ತೊಡೆಯ ಮೇಲೆ ಕೋಳಿಸಾರಿನ ಪಾತ್ರೆ, ಪಕ್ಕದಲ್ಲಿ ಕಡುಬಿನ ಡಬರಿ. ಭಾವಮೈದನಿಗೆ ಬೂಸ್ಟರಿನ ಮಹಿಮೆ ವಿವರಿಸುತ್ತಿದ್ದೆ. ಆಗ ರಸ್ತೆಗೆ ಒಂದು ನಾಯಿ ಬಂತು. ಎಷ್ಟೋ ವರ್ಷಗಳ ಅಭ್ಯಾಸ, ಬೆನ್ನು ಕೊಟ್ಟು, ಹಲ್ಲು ಕಚ್ಚಿ, ಮೈಯ ಬಲವನ್ನೆಲ್ಲ ಬಿಟ್ಟು ತುಳಿದೆ. ಬ್ರೇಕು ಹೊಸದು, ಕಾಲು ಹಳೇದು. ಗಾಡಿ ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು. ಕಡುಬು ನಿಲ್ಲಲಿಲ್ಲ. ಒಂದು ನನ್ನ ಕುತ್ತಿಗೆಗೆ ಬಡಿದು ಗೇರಿನ ಪಕ್ಕ ಬಿತ್ತು. ಸಾರು ಭಾವಮೈದನ ಬಿಳಿ ಅಂಗಿಯ ಬೆನ್ನಿಗೆ ಹೋಯಿತು. ಪುಣ್ಯಕ್ಕೆ ತಣ್ಣಗಿತ್ತು. ‘ಅವ್ವಾ, ಪೆಟ್ಟಾಯ್ತಾ?’ ಅಂದೆ. ‘ಲೆಗ್ ಪೀಸು ಎಲ್ಲೋಯ್ತೋ ನೋಡ್ಲಾ’ ಅಂತು ಅವ್ವ.

ಹಿಂದೆ ಬಂದ ಪಿಕಪ್ಪಿನವನು ಅರ್ಧ ಅಡಿ ದೂರದಲ್ಲಿ ನಿಂತು ಇಳಿದು ಬಂದ. ‘ಏನ್ರೀ, ನಿಮ್ಮ ಗಾಡಿಗೆ ಬ್ರೇಕ್ ಲೈಟೇ ಹತ್ತಲ್ಲ!’

ಒಂದು ಮೂಟೆ ಮೆಣಸಿನಲ್ಲಿ ಬಲ್ಬು ಸೇರಿರಲಿಲ್ಲ. ನಾಯಿ ಅಷ್ಟರಲ್ಲಿ ಬಾಗಿಲ ಹತ್ತಿರ ಬಂದು ಮೂಸುತ್ತಿತ್ತು.

ಕುಕ್ಕೆಯ ಹರಕೆ ಬಾಕಿ ಇತ್ತಲ್ಲ. ‘ರೈಲಲ್ಲಿ ಹೋಗೋಣ’ ಅಂದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರ್, 57 ಸುರಂಗ, 50 ಅಡಿ ಹೋದರೆ 1 ಅಡಿ ಇಳಿಜಾರು, ಬ್ರೇಕಿನ ಜವಾಬ್ದಾರಿ ಬೇರೆಯವರದು. ‘ಮೆಣಸು ಸುರಿದಿದ್ದು ಯಾತಕ್ಕೆ?’ ಅಂದ ಹೆಂಡತಿ ಕೀಲಿ ತಗೊಂಡು ಡ್ರೈವರ್ ಸೀಟಿನಲ್ಲಿ ಕೂತಳು. ಅವಳಪ್ಪ ಹೆತ್ತೂರು ಕಡೆಯ ತೋಟಗಳಲ್ಲಿ ಜೀಪು ಓಡಿಸಿದವರು.

ದೋಣಿಗಾಲಿನ ಆಚೆ ಸೆಕೆಂಡ್ ಗೇರಿಗೆ ಹಾಕಿದಳು. ಇಂಜಿನ್ ಗುಂಯ್ ಅನ್ನುತ್ತಾ ಗಾಡಿಯನ್ನು ತಾನೇ ಹಿಡಿದುಕೊಂಡಿತು. ಬೇಕಾದಲ್ಲಿ ಮಾತ್ರ ಒಮ್ಮೆ ಒತ್ತುತ್ತಾಳೆ, ಬಿಡುತ್ತಾಳೆ. ವಾಸನೆ ಇಲ್ಲ, ಹೊಗೆ ಇಲ್ಲ. ಪಕ್ಕದಲ್ಲಿ ಮ್ಯಾಟ್ ತುಳಿಯುವ ಕೆಲಸ ಈಗ ನನ್ನದು.

‘ಹತ್ತೋ ಗೇರಲ್ಲೇ ಇಳೀಬೇಕು ಕಣ್ರೀ’ ಅಂದಳು. ‘ನೀವು ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡಿ ಬಿಡ್ತಿದ್ರಲ್ಲ, ಬ್ರೇಕ್ ಸುಡದೆ ಇನ್ನೇನಾಗುತ್ತೆ?’

‘ಮೊದಲೇ ಹೇಳಬಾರದಿತ್ತಾ?’

‘ಕೇಳಿದ್ರಾ?’

ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಕಲ್ಲು ನಾನೇ ಕೊಟ್ಟೆ.

ನಿಮ್ಮಲ್ಲಿ ಯಾರಿಗಾದರೂ ಮಾರುತಿ 800ಕ್ಕೆ 12 ಇಂಚಿನ ಚಕ್ರ ಬೇಕಿದ್ದರೆ ಬನ್ನಿ, ಟೈರ್ ಸಮೇತ ನಾಲ್ಕೂ ನಮ್ಮ ಕೊಟ್ಟಿಗೆಯಲ್ಲಿವೆ. ಮೂರನ್ನು ಇವತ್ತೇ ಒಯ್ಯಬಹುದು. ನಾಲ್ಕನೆಯದರಲ್ಲಿ ಅವ್ವ ಮೊನ್ನೆ ಕೋಳಿ ಕಾವಿಗೆ ಕೂರಿಸಿದೆ. ಅದಕ್ಕೆ 21 ದಿನ ಕಾಯಬೇಕು.