ಬೆರಕೆ ಸೊಪ್ಪು, ಸೊಗಡವರೆ

ಬೆರಕೆ ಸೊಪ್ಪು ಬೇಯುವ ವಾಸನೆ ಬೇಲಿ ದಾಟಿ ಬಂತು ಅಂದ್ರೆ ಮಳೆ ಸರಿಯಾಗಿ ಹಿಡಿದಿದೆ ಅಂತಲೇ ಲೆಕ್ಕ, ಅಲ್ವಾ? ನಮ್ಮ ಎನ್. ಬೇಗೂರಿನ ಕಡೆ ಬೇಸಾಯಕ್ಕೆ ನಿಂತವರು ಜೂನು, ಜುಲೈ ಅಂತ ಎಣಿಸೋದು ಕಡಿಮೆ. ರೋಹಿಣಿ ಕೈಕೊಟ್ಟಿತು, ಮೃಗಶಿರ ಪರವಾಗಿಲ್ಲ, ಆರಿದ್ರಾ ನೋಡೋಣ... ಹೀಗೇ ಸಾಗುತ್ತೆ ಮಾತು. ಒಂದೊಂದು ಮಳೆಗೂ 13-14 ದಿನದ ಪಾಳಿ. ನೆಂಟರ ಹಾಗೆ ಒಬ್ಬರು ಎದ್ದು ಹೋಗುವಷ್ಟರಲ್ಲಿ ಇನ್ನೊಬ್ಬರು ಬಂದು ಜಗಲಿ ಹಿಡಿದಿರ್ತಾರೆ.

ಈ ಬೆರಕೆ ಸೊಪ್ಪನ್ನು ಬಿತ್ತಿದವರು ಯಾರೂ ಇಲ್ಲ ನೋಡಿ. ರಾಗಿ ಹೊಲಕ್ಕೆ ಕಳೆ ಕೀಳೋಕೆ ಹೋದ ಹೆಂಗಸರು ಬರುವಾಗ ಮಡಿಲು ತುಂಬಿಸಿಕೊಂಡು ಬರ್ತಾರೆ. ಅಣ್ಣೆ, ಗಣಿಕೆ, ಹೊನಗೊನೆ, ಲೋಳೆಲೋಳೆಯಾದ ಕನ್ನೆ. ನಮ್ಮವ್ವ ಮೊರದಲ್ಲಿ ಸುರಿದು ಹಸನು ಮಾಡುವಾಗ ಒಂದೊಂದು ಎಲೆಯನ್ನೂ ಉಜ್ಜಿ ಮೂಸುತ್ತಿದ್ದಳು. ಕಣ್ಣು ಮಂಜಾದ ಮೇಲೂ ಮೂಗು ತಪ್ಪುತ್ತಿರಲಿಲ್ಲ. ಯಾವುದು ಎಷ್ಟು ಹಾಕಿದೆ ಅಂತ ಕೇಳಿದರೆ ಮಾತ್ರ, 'ಕೈಗೆ ಸಿಕ್ಕಿದ್ದು' ಅನ್ನೋದು ಬಿಟ್ಟು ಬೇರೆ ಉತ್ತರ ಬರುತ್ತಿರಲಿಲ್ಲ. ತೊಗರಿಬೇಳೆ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮುದ್ದೆ ತಾನಾಗಿ ಒಳಗಿಳಿಯುತ್ತೆ. ಅವಳು ಚಿವುಟುತ್ತಿದ್ದದ್ದು ಕುಡಿ ಮಾತ್ರ. ಬದುವಿನ ಮೇಲಿನ ಗಿಡವನ್ನು ಬುಡಸಮೇತ ಕಿತ್ತರೆ ಬೈಗುಳ ಖಾಯಂ.

ಮಳೆ ಅಂದ ತಕ್ಷಣ ಕಬಿನಿ ನೆನಪಾಗುತ್ತೆ. 1974ರಲ್ಲಿ ಅದಕ್ಕೆ ಬೀಚನಹಳ್ಳಿ ಅಣೆಕಟ್ಟು ಆಗಿ ಐವತ್ತು ವರ್ಷ ದಾಟಿತು. ಈ ಹೊಳೆಯದ್ದೇ ಒಂದು ವಿಚಿತ್ರ. ನಮ್ಮ ಹೊಲದಲ್ಲಿ ಮಣ್ಣು ಇನ್ನೂ ಪುಡಿಪುಡಿ ಹಾರ್ತಾ ಇರುತ್ತೆ, ಅಲ್ಲಿ ಮಾತ್ರ ನೀರು ದಿನದಿನಕ್ಕೂ ಏರ್ತಾ 2284 ಅಡಿಯ ತುಂಬು ಗುರುತಿನತ್ತ ಹೊರಟಿರುತ್ತೆ. ಮಳೆ ವಯನಾಡಿಗೆ, ನೀರು ನಮ್ಮ ಕಣ್ಣಿಗೆ! ಬೇಸಿಗೆಯಲ್ಲಿ ಅದೇ ಹಿನ್ನೀರು ಇಳಿದ ಜಾಗದಲ್ಲಿ ಹಸಿರು ಹುಲ್ಲು ಹುಟ್ಟುತ್ತೆ, ಕಾಡು ಒಣಗಿದಾಗ ಆನೆಗಳೆಲ್ಲ ಅಲ್ಲಿ ಸೇರ್ತವೆ. ರಾಗಿ ತೆನೆ ಹಾಲು ತುಂಬುವ ಹೊತ್ತಿಗೆ ನಮ್ಮ ಹೊಲಕ್ಕೂ ಬರ್ತವೆ ಅನ್ನಿ. ಅಟ್ಟಣೆ ಮೇಲೆ ರಾತ್ರಿ ಕಳೆದವರಿಗೆ ಆ ಕಷ್ಟ ಹೊಸದಾಗಿ ಹೇಳಬೇಕಾ?

ಎಲ್ಲಿದ್ದೆ... ಹಾಂ, ರಾಗಿ. ರಾಗಿ ಒಂದನ್ನೇ ಬಿತ್ತುತ್ತಿದ್ದ ಮನೆ ಯಾವುದಿತ್ತು ಹೇಳಿ! ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ನಾಲ್ಕು ಕಾಳು ಸಾಸಿವೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟಾಗ ಜೇನ್ನೊಣದ ಗುಂಯ್‌ಗುಟ್ಟುವಿಕೆ ದಾರಿವರೆಗೂ ಕೇಳಿಸುತ್ತೆ. ರಾಗಿ ಕುಯ್ದ ಮೇಲೂ ಅವರೆ ಮಾತ್ರ ಹೊಲ ಬಿಡಲ್ಲ, ಮಂಜಿನಲ್ಲೇ ಹಬ್ಬಿಕೊಂಡು ಸಂಕ್ರಾಂತಿವರೆಗೂ ಕಾಯಿ ಕೊಡುತ್ತೆ. ನಾಟಿ ಅವರೆಯ ಹಟ ನೋಡಿ, ಹಗಲು ಕುಗ್ಗುವ ತನಕ ಹೂವೇ ಬಿಡಲ್ಲ. ನೀರು, ಗೊಬ್ಬರ ಏನೇ ಕೊಡಿ, ಸೂರ್ಯನನ್ನು ಕೇಳದೆ ಮೊಗ್ಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆ ಅಂತ ತಳಿ ತಂದರಲ್ಲ, ಅದಕ್ಕೆ ಈ ಹಟ ಇಲ್ಲ, ವರ್ಷವಿಡೀ ಕಾಯಿ ಬಿಡುತ್ತೆ. ಬೆಳೆಯೋರಿಗೆ ಅನುಕೂಲವೇ. ಆದರೂ ಧನುರ್ಮಾಸದ ಚಳಿಯಲ್ಲಿ ಬೆರಳಿಗೆ ಅಂಟಿ, ಸಂಜೆವರೆಗೂ ಘಮ್ಮೆನ್ನುವ ಆ ಸೊಗಡಿನ ಸುಖವೇ ಬೇರೆ, ಅಲ್ವಾ?

ಈಗ ಸಿರಿಧಾನ್ಯದ್ದೇ ಮಾತು. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಅಂತ ಸಾರಿತು. ರಾಗಿಗೆ ಮರ್ಯಾದೆ ಬಂದಿದ್ದು ಸಂತೋಷವೇ, ರಾಗಿಯ ಸಂಗಡ ಇದ್ದ ಸೊಪ್ಪನ್ನು ಕೇಳೋರಿಲ್ಲ ಅನ್ನೋದೇ ನನ್ನ ಸಂಕಟ. ಶುಂಠಿ, ಹತ್ತಿ, ಮುಸುಕಿನ ಜೋಳದ ಹೊಲಗಳಿಗೆ ಕಳೆ ಔಷಧಿ ಹೊಡೀತಾರೆ. ಕಳೆ ಕೀಳೋಕೆ ಆಳು ಸಿಗಲ್ಲ, ಸಿಕ್ಕರೂ ಕೂಲಿ ಕೈಗೆಟುಕಲ್ಲ. ಹೊಡೆದವರನ್ನು ದೂರೋಕೆ ನನಗೆ ಬಾಯಿ ಬರಲ್ಲ. ಆದರೆ ಆ ಔಷಧಿಗೆ ಅಣ್ಣೆ ಯಾವುದು, ಗಣಿಕೆ ಯಾವುದು ಗೊತ್ತಾಗಬೇಕಲ್ಲ? ಒಂದೇ ಸಲಕ್ಕೆ ಎಲ್ಲ ಸುಟ್ಟುಹೋಗುತ್ತೆ. ಹೊಡೆದಿದ್ದಾರೋ ಇಲ್ಲವೋ ತಿಳಿಯದೆ ಪಕ್ಕದ ಹೊಲದ ಸೊಪ್ಪು ಚಿವುಟೋಕೂ ಈಗ ಹೆದರಿಕೆ. ಇತ್ತ ಹಾಡಿಯ ಜೇನುಕುರುಬರನ್ನು ನೋಡಿ, ಕಾಡಿನಲ್ಲಿ ನೂರೆ ಗೆಣಸು ಅಗೆದರೆ ಬಳ್ಳಿಯ ತಲೆ ಕಡೆಯ ತುಂಡನ್ನು ಗುಂಡಿಯಲ್ಲೇ ಬಿಟ್ಟು ಮಣ್ಣು ಮುಚ್ಚುತ್ತಾರೆ. ಮುಂದಿನ ಮಳೆಗೆ ಅದು ಮತ್ತೆ ಚಿಗುರುತ್ತೆ. ಅಷ್ಟು ಅಗೆದು, ಅಷ್ಟನ್ನೂ ಉಳಿಸಿದ ಹಾಗಾಯ್ತಲ್ಲ!

ಅದಕ್ಕೇ ನಿಮ್ಮ ಕಡೆಯ ಬದುವಿಗೆ ಈ ವರ್ಷ ಔಷಧಿ ಮುಟ್ಟಿಸಬೇಡಿ ಅಕ್ಕ, ನಮ್ಮ ಕಡೆಯದಕ್ಕೆ ನಾನೂ ಹೊಡೆಸಲ್ಲ. ಹಾಗೇ ನಿಮ್ಮ ಅತ್ತೆ ಬೂದಿ ಬೆರೆಸಿ ಕಟ್ಟಿಟ್ಟಿರುವ ಸೊಗಡವರೆ ಬೀಜದಲ್ಲಿ ಒಂದು ಹಿಡಿ ನನಗೂ ಕೊಡಿ. ಪುನರ್ವಸು ಹುಟ್ಟುವುದರೊಳಗೆ ಬೇಕು, ಮರೀಬೇಡಿ.