ದೀಪ ಹತ್ತೀತಲೇ ಪರಾಕ್

ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದರೆ ಸೇರಿದ ಲಕ್ಷಾಂತರ ಮಂದಿ ಗಪ್‌ಚಿಪ್. ಒಂದು ಸಾಲಿನ ಭವಿಷ್ಯ, ಅಂದರೆ ಕಾರ್ಣಿಕ, ನುಡಿದು ಆತ ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅಸಲಿ ಜಾತ್ರೆ ಶುರುವಾಗುವುದು ಆಮೇಲೆ. ಅದೇ ಸಾಲಿನಲ್ಲಿ ರೈತನಿಗೆ ಮಳೆ ಕೇಳಿಸುತ್ತದೆ, ದಲ್ಲಾಳಿಗೆ ಮೆಕ್ಕೆಜೋಳದ ದರ ಕೇಳಿಸುತ್ತದೆ, ವಿರೋಧ ಪಕ್ಷದವರಿಗೆ ಸರ್ಕಾರ ಬೀಳುವ ಸದ್ದು ಕೇಳಿಸುತ್ತದೆ. ಟೀವಿಯವರಿಗೆ ಮೂರೂ ಕೇಳಿಸುತ್ತವೆ. ಮೈಲಾರದ ಸೀಮೆಯವರಾದ ನಮಗೆ, ಅಂದರೆ ಹೊಳಲಿನವರಿಗೆ, ಒಗಟಿಗೆ ಅರ್ಥ ಹಚ್ಚುವುದು ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಅಂಥ ನಾವೂ ಒಂದು ಕಡೆ ಸೋತು ಕೂತಿದ್ದೇವೆ: ಕಾರಿನ ಮೀಟರ್ ಬೋರ್ಡಿನ ಮುಂದೆ.

ಗೊರವಯ್ಯನ ಕಾರ್ಣಿಕ ವರ್ಷಕ್ಕೊಮ್ಮೆ, ಬಟಾಬಯಲಿನಲ್ಲಿ, ಶುದ್ಧ ಕನ್ನಡದಲ್ಲಿ, ಪುಕ್ಕಟೆ. ಕಾರಿನ ಕಾರ್ಣಿಕ ಯಾವ ಹೊತ್ತಿಗಾದರೂ ಬರುತ್ತದೆ, ಹಳದಿ ಬಣ್ಣದ ಒಂದು ಚಿತ್ರದಲ್ಲಿ ಬರುತ್ತದೆ, ಅರ್ಥ ಬೇಕೆಂದರೆ ಜಾಬ್ ಕಾರ್ಡ್ ಬರೆಸಬೇಕು. ಅರ್ಥ ಹೇಳುವ ಹಕ್ಕು ಶೋರೂಮಿನ ಲ್ಯಾಪ್‌ಟಾಪಿನದು. ನೀವು ದುಡ್ಡು ಕೊಟ್ಟು ಕೊಂಡ ಕಾರು ನಿಮ್ಮ ಎದುರಿಗೇ ಬೇರೆಯವರ ಜೊತೆ ಗುಸುಗುಸು ಮಾತಾಡುತ್ತದೆ.

ನಮ್ಮೂರಲ್ಲೊಬ್ಬ ಗೌಡರಿದ್ದಾರೆ ಅಂತಿಟ್ಟುಕೊಳ್ಳಿ. ಯಾವ ಗೌಡರು ಎಂದು ಕೇಳಬೇಡಿ, ಊರಿಗೆ ಹೋಗಿ ಬದುಕಬೇಕಾದವನು ನಾನು. ಸುಗ್ಗಿ ಮುಗಿದು ಮೆಕ್ಕೆಜೋಳದ ರಾಶಿ ತಗಡಿನ ಶೆಡ್ಡಿಗೆ ಬಂತು, ಅದರ ಪಕ್ಕದಲ್ಲೇ ಕಾರು ನಿಂತಿತು. ಒಂದು ಮುಂಜಾನೆ ಚಾವಿ ತಿರುಗಿಸಿದರೆ ಎಂಜಿನ್ ಶುರುವಾಯಿತು, ಮೀಟರ್ ಬೋರ್ಡ್ ಮಾತ್ರ ಕತ್ತಲು. ತಟ್ಟಿದರೆ ಎಲ್ಲ ದೀಪಗಳೂ ಒಟ್ಟಿಗೇ ಹತ್ತಿದವು, ಮುಳ್ಳುಗಳು ಒಮ್ಮೆ ಕುಣಿದು ಸೊನ್ನೆಗೆ ಬಿದ್ದವು. ಹತ್ತು ನಿಮಿಷದಲ್ಲಿ ಕಾರಿನ ಸುತ್ತ ತಜ್ಞರ ಸಮಿತಿ ನೆರೆಯಿತು. ‘ಬ್ಯಾಟರಿ ಹೋಗೈತ್ರಿ’ ಎಂದರು ಒಬ್ಬರು. ‘ಅಲ್ರಿ, ಸೆನ್ಸಾರ್’ ಎಂದರು ಇನ್ನೊಬ್ಬರು. ಈ ಸೆನ್ಸಾರ್ ಎಂಬುದು ಬಹಳ ಉಪಕಾರಿ. ಊರಲ್ಲಿ ಯಾರೂ ಅದನ್ನು ಕಣ್ಣಾರೆ ಕಂಡಿಲ್ಲ, ಹಾಗಾಗಿ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಬಹುದು, ಅದು ಬಂದು ಜಗಳ ತೆಗೆಯುವುದಿಲ್ಲ. ಮೂರನೆಯವರು ಏನೂ ಹೇಳದೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು.

ಗೌಡರು ಕಾರನ್ನು ಶೋರೂಮಿಗೆ ಒಯ್ದರು. ನಮ್ಮೂರು ಬಳ್ಳಾರಿ ಜಿಲ್ಲೆಯಲ್ಲಿದ್ದಾಗ ಅದು ದೂರವಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಈಗಲೂ ದೂರವೇ ಇದೆ. ಅಲ್ಲಿ ಇಸ್ತ್ರಿ ಅಂಗಿಯ ಅಡ್ವೈಸರ್ ಸ್ಕ್ಯಾನರ್ ಚುಚ್ಚಿದ. ಪರದೆಯ ಮೇಲೆ ಯು0155 ಎಂದು ಬಂತು. ‘ಕ್ಲಸ್ಟರ್ ಅಸೆಂಬ್ಲಿ ಚೇಂಜ್ ಮಾಡ್ಬೇಕು ಸರ್’ ಎಂದ. ಎಸ್ಟಿಮೇಟಿನಲ್ಲಿದ್ದ ಮೊತ್ತಕ್ಕೆ ನಮ್ಮಲ್ಲಿ ಒಂದು ಜೋಡಿ ಹೋರಿ ಬರುತ್ತಿದ್ದವು. ‘ಇಲಿ-ಗಿಲಿ ಏನಾರ ಕಡದಿರಬೇಕು ನೋಡ್ರಿ’ ಎಂದು ಗೌಡರು ಅಳುಕುತ್ತಲೇ ಕೇಳಿದರೆ, ‘ರ್‍ಯಾಟ್ ಬೈಟ್ ವಾರಂಟಿಗೆ ಬರಲ್ಲ ಸರ್’ ಎಂಬ ಉತ್ತರ ಬಾಯಲ್ಲೇ ಸಿದ್ಧವಿತ್ತು. ನೋಡುವ ಮಾತಿಗೂ ವಾರಂಟಿಯ ಮಾತಿಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ಆತ ಮುಂದಿನ ಕಾರಿಗೆ ಹೋಗಿದ್ದ.

ಯು0155 ಎಂದರೆ ಏನು? ಮೀಟರ್ ಬೋರ್ಡಿನ ಜೊತೆ ಮಾತುಕತೆ ನಿಂತಿದೆ, ಅಷ್ಟೆ. ಯಾಕೆ ನಿಂತಿದೆ ಎಂದು ಅದು ಹೇಳುವುದಿಲ್ಲ. ಬೋರ್ಡಿಗೆ ಕರೆಂಟ್ ಹೋಗದಿರಬಹುದು, ಅರ್ತ್ ಕಟ್ಟಾಗಿರಬಹುದು, ಪ್ಲಗ್ಗಿನ ಪಿನ್ನು ಹಸಿರುಗಟ್ಟಿರಬಹುದು, ಸುದ್ದಿ ಒಯ್ಯುವ ಎರಡು ತಂತಿಗಳಲ್ಲಿ ಒಂದು ಹರಿದಿರಬಹುದು. ಕಟ್ಟಕಡೆಗೆ, ಬೋರ್ಡೇ ಸತ್ತಿರಬಹುದು. ಶೋರೂಮು ಕಟ್ಟಕಡೆಯದರಿಂದ ಶುರು ಮಾಡುತ್ತದೆ. ಅದಕ್ಕೆ ಟೈಮೂ ಕಡಿಮೆ, ಬಿಲ್ಲೂ ದಪ್ಪ.

ಕೊನೆಗೆ ಗೌಡರು ಕಾರು ಒಯ್ದದ್ದು ಹಡಗಲಿಯ ಆಟೋ ಎಲೆಕ್ಟ್ರಿಷಿಯನ್ ಹುಡುಗನ ಹತ್ತಿರ. ಅವನ ಬಳಿ ಇದ್ದದ್ದು ಒಂದು ಮಲ್ಟಿಮೀಟರು, ಸಾಲ್ಡ್ರಿಂಗ್ ಕಡ್ಡಿ ಮತ್ತು ಅವಸರವಿಲ್ಲದ ಸ್ವಭಾವ. ಮೊದಲು ಫ್ಯೂಸ್. ಕಿತ್ತು ಬೆಳಕಿಗೆ ಹಿಡಿದು ನೋಡಿ ತೃಪ್ತನಾಗುವವನಲ್ಲ ಅವನು. ಚಾವಿ ಆನ್ ಇಟ್ಟು ಎರಡೂ ಕಡೆ 12 ವೋಲ್ಟ್ ಬರುತ್ತದೆಯೇ ಅಳೆದ. ಬಂತು. ಆಮೇಲೆ ಬ್ಯಾಟರಿ ಬಿಚ್ಚಿ, ಸ್ಟೇರಿಂಗಿನ ಕೆಳಗಿರುವ ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ ನೋಡಿದ. ಸುದ್ದಿಯ ತಂತಿಗಳ ಎರಡೂ ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಸೇರಿ 60 ತೋರಿಸಿದರೆ ತಂತಿ ಆರೋಗ್ಯವಾಗಿದೆ, 120 ತೋರಿಸಿದರೆ ಎಲ್ಲೋ ಹರಿದಿದೆ. 60 ಬಂತು. ಉಳಿದದ್ದು ಅರ್ತ್. ಬ್ಯಾಟರಿ ಮತ್ತೆ ಜೋಡಿಸಿ, ಚಾವಿ ಆನ್ ಮಾಡಿ, ಮೀಟರಿನ ಪ್ಲಗ್ಗಿನ ಅರ್ತ್ ಪಿನ್ನಿಗೂ ಬ್ಯಾಟರಿಯ ಮೈನಸ್ಸಿಗೂ ಮಲ್ಟಿಮೀಟರಿನ ಕಡ್ಡಿ ಮುಟ್ಟಿಸಿದ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಇರಲಿಲ್ಲ, ವೋಲ್ಟುಗಟ್ಟಲೆ ಬಂತು. ಕಾಲು ಇಡುವ ಜಾಗದ ಕಾರ್ಪೆಟ್ ಎತ್ತಿದರೆ ಒಂದು ಮುಷ್ಟಿ ಮೆಕ್ಕೆಜೋಳ, ಇಲಿಯ ಹಿಕ್ಕೆ, ಒಂದೇ ಎಳೆಯಲ್ಲಿ ನೇತಾಡುತ್ತಿದ್ದ ಕಪ್ಪು ವೈರು. ಬೆಸೆದು, ಸ್ಲೀವ್ ಹಾಕಿ, ಟೇಪ್ ಸುತ್ತಿದ. ಬೋರ್ಡ್ ಬೆಳಗಿತು. ಅವನು ಕೇಳಿದ ಕೂಲಿಗೆ ಶೋರೂಮಿನಲ್ಲಿ ಕಾರು ತೊಳೆದೂ ಕೊಡುವುದಿಲ್ಲ.

ಅಂಥ ಹುಡುಗನ ಕೈಗೆ ಕಂಪನಿಯ ಸ್ಕ್ಯಾನರ್ ಯಾಕೆ ಸಿಗುವುದಿಲ್ಲ ಎಂಬುದು ಹಳೆಯ ಪ್ರಶ್ನೆ. 2014ರ ಆಗಸ್ಟಿನಲ್ಲೇ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಎರಡೂವರೆ ಸಾವಿರ ಕೋಟಿಗೂ ಮೀರಿದ ದಂಡ ಹಾಕಿ, ಬಿಡಿಭಾಗಗಳೂ ತಪಾಸಣೆಯ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಗಬೇಕು ಎಂದಿತು. ಕಂಪನಿಗಳು ಮೇಲ್ಮನವಿಯ ಮೆಟ್ಟಿಲು ಹತ್ತಿದವು, ಅಲ್ಲಿ ಅವರಿಗೆ ಕಾಲುನೋವು ಬರುವುದಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕು’ ಎಂಬ ಪೋರ್ಟಲನ್ನೇ ತೆರೆಯಿತು. ಹಕ್ಕು ಪೋರ್ಟಲಿನಲ್ಲಿದೆ, ಪಾಸ್‌ವರ್ಡ್ ಕಂಪನಿಯಲ್ಲಿದೆ. 2013ರಿಂದ ಒಬಿಡಿ-2 ಸಾಕೆಟ್ ಕಡ್ಡಾಯವಾಗಿರುವುದರಿಂದ ಹೊಗೆಗೆ ಸಂಬಂಧಿಸಿದ ಕೋಡುಗಳನ್ನು ಅಗ್ಗದ ಡಾಂಗಲ್ ಚುಚ್ಚಿ ಯಾರಾದರೂ ಓದಬಹುದು. ಮೀಟರು, ಏರ್‌ಬ್ಯಾಗು, ಚಾವಿ ಇವುಗಳ ಗುಟ್ಟಿಗೆ ಕೈ ಹಾಕಿದರೆ ಡಾಂಗಲ್ ಬಾಯಿ ಮುಚ್ಚಿಕೊಳ್ಳುತ್ತದೆ.

ಹೊಳಲಿನವರು ಬಡಪಾಯಿಗಳು, ಅಮೆರಿಕದಲ್ಲಿ ಹೀಗಿರಲಿಕ್ಕಿಲ್ಲ ಎಂದು ಯಾರಾದರೂ ಸಮಾಧಾನ ಮಾಡಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. 2021ರಲ್ಲಿ ಟೆಸ್ಲಾ ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ನಡುವಿನ ದೊಡ್ಡ ಪರದೆಯ ಹಿಂದೆ 8 ಜಿಬಿಯ ಒಂದು ಮೆಮೊರಿ ಚಿಪ್ಪು, ಬರೆದೂ ಬರೆದೂ ಸವೆದು ಪರದೆಯೇ ಕತ್ತಲಾಗುತ್ತಿತ್ತು. ಇಂಥ ಭಾಗ ಕಾರಿನ ಆಯುಷ್ಯದುದ್ದಕ್ಕೂ ಬಾಳಬೇಕು ಎಂದು ನಿರೀಕ್ಷಿಸುವುದೇ ಸರಿಯಲ್ಲ ಎಂಬುದು ಕಂಪನಿಯ ವಾದ. ಅಷ್ಟು ದುಬಾರಿ ಕಾರನ್ನೂ ಕುರುಡು ಮಾಡಲು ಅಲ್ಲಿ ಇಲಿಯೂ ಬೇಕಾಗಲಿಲ್ಲ.

ಹಾಗಂತ ನಾವು ಸಾಚಾಗಳೇ? ಚಾವಿ ಆನ್ ಮಾಡಿದೊಡನೆ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ನಮ್ಮ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಕೆಲವು ದೀಪ ಹತ್ತುವುದೇ ಇಲ್ಲ. ಕಾರು ಅಷ್ಟು ಗಟ್ಟಿ ಅಂತಲ್ಲ, ಮಾರಿದವನು ಬಲ್ಬ್ ಕಿತ್ತಿರುತ್ತಾನೆ. ಆಯಿಲ್ ಕ್ಯಾನಿನ ಕೆಂಪು ದೀಪ ಹತ್ತಿದರೆ ಅಲ್ಲೇ ನಿಲ್ಲಿಸಬೇಕು, ಎಂಜಿನ್ನೇ ಜಾಮ್ ಆಗುವ ಮಾತದು. ನಾವು ಅದರ ಮೇಲೆ ದೇವರ ಸ್ಟಿಕರ್ ಅಂಟಿಸಿ ‘ಆತ ನೋಡ್ಕೋತಾನ’ ಎನ್ನುತ್ತೇವೆ.

ಕಿಲೋಮೀಟರಿನ ಲೆಕ್ಕವಂತೂ ಎಷ್ಟೋ ಕಾರುಗಳಲ್ಲಿ ಬೋರ್ಡಿನೊಳಗಿನ ಎಂಟು ಕಾಲಿನ ಚಿಪ್ಪೊಂದರಲ್ಲಿ ಕೂತಿರುತ್ತದೆ, ಬಲ್ಲವರಿಗೆ ಅದನ್ನು ಹಿಂದಕ್ಕೆ ತಿರುಗಿಸುವುದು ಒಂದು ಚಹಾದ ಹೊತ್ತಿನ ಕೆಲಸ. ನಮ್ಮೂರ ಅನಂತಶಯನನ ಕಥೆ ಗೊತ್ತಲ್ಲ? ಹೊಸಪೇಟೆಯ ಬಳಿ 1524ರಲ್ಲಿ ಕೃಷ್ಣದೇವರಾಯ ಗುಡಿ ಕಟ್ಟಿಸಿದ, ದೇವರು ಅಲ್ಲಿಗೆ ಹೊರಟ. ‘ನಾನು ಹಿಂದೆ ಬರುತ್ತೇನೆ, ನೀನು ತಿರುಗಿ ನೋಡಬಾರದು’ ಎಂಬುದು ಕರಾರು. ರಾಯ ತಡೆಯಲಾರದೆ ತಿರುಗಿದ, ದೇವರು ಹೊಳಲಿನಲ್ಲೇ ಮಲಗಿಬಿಟ್ಟ, ಆ ಗುಡಿಯ ಗರ್ಭಗುಡಿ ಇಂದಿಗೂ ಬರಿದು. ಒಂದೇ ಒಂದು ಸಲ ಹಿಂದಕ್ಕೆ ತಿರುಗಿದ್ದಕ್ಕೆ ರಾಯನಿಗೆ ಅಷ್ಟು ನಷ್ಟ. ನಮ್ಮವರು ಅರವತ್ತು ಸಾವಿರ ಕಿಲೋಮೀಟರ್ ಹಿಂದಕ್ಕೆ ತಿರುಗಿಸಿ ಲಾಭದಲ್ಲಿ ಕಾರು ಮಾರುತ್ತಾರೆ.

ಇನ್ನು ಗೌಡರು. ವೈರು ಬೆಸೆಸಿಕೊಂಡು ಬಂದವರಿಗೆ ಸಮಾಧಾನವೇ ಇಲ್ಲ. ‘ಇಷ್ಟ ರೊಕ್ಕದಾಗ ಹೆಂಗ ರಿಪೇರಿ ಆತು? ಕಂಪನಿ ಹುಡುಗ್ರಿಗೆ ತಿಳೀದ್ದು ಇವಗ ತಿಳದೀತೇನು?’ ಎಂದು ಕಟ್ಟೆಯ ಮೇಲೆ ಕೂತು ಅಡ್ವೈಸರಿಗೆ ಫೋನ್ ಹಚ್ಚಿದರು, ಊರಿಗೆಲ್ಲ ಕೇಳುವಂತೆ ಸ್ಪೀಕರ್ ಹಾಕಿ. ಹೊಸ ಬೋರ್ಡ್ ತರಿಸಿರೆಂದರು. ಆತ ಖುಷಿಯಿಂದ ಅಡ್ವಾನ್ಸಿನ ಮಾತು ತೆಗೆದ. ಗೌಡರು ದನಿ ಸ್ವಲ್ಪ ತಗ್ಗಿಸಿದರು.

‘ಅಲ್ರಿ, ಹೊಸಾದು ಹಾಕಿದ್ರ ಕಿಲೋಮೀಟರ್ ಸೊನ್ನೆಯಿಂದ ಶುರು ಆಗ್ತೈತಲ್ಲ?’

‘ಇಲ್ಲ ಸರ್, ಹಳೇ ರೀಡಿಂಗೇ ಫೀಡ್ ಮಾಡ್ತೀವಿ.’

‘ಹಂಗಾದ್ರ ಬ್ಯಾಡ ಬಿಡ್ರಿ’ ಎಂದರು ಗೌಡರು. ‘ನಮ್ಮ ಹಡಗಲಿ ಹುಡುಗ ಚೊಲೋ ಮಾಡ್ಯಾನ.’